ತಪ್ಪುಕಾಣಿಕೆ ಯಾರಿಗೆ?

ನಮ್ಮ ಮನೆಯ ದೇವರ ಗೂಡಿನಲ್ಲಿ ಅರಿಶಿನ ಬಟ್ಟೆಯ ಪುಟ್ಟ ಗಂಟೊಂದು ಸದಾ ಇರುತ್ತದೆ. ಹರಕೆ ಮರೆತರೆ, ಮೈಲಿಗೆಯಲ್ಲಿ ದೀಪ ಮುಟ್ಟಿದರೆ, ಅದರೊಳಗೊಂದು ನಾಣ್ಯ ಬೀಳುತ್ತದೆ. ಕಾರ್ತಿಕ ಸೋಮವಾರ ಬಂದಾಗ ಅದನ್ನು ವೈದ್ಯನಾಥಪುರದ ಹುಂಡಿಗೆ ಹಾಕಿ, ಶಿಂಷೆಯಲ್ಲಿ ಕಾಲು ತೊಳೆದು, ಹಗುರಾಗಿ ಮದ್ದೂರಿಗೆ ಹಿಂತಿರುಗುವುದು ನನ್ನ ರೂಢಿ. ತಪ್ಪುಕಾಣಿಕೆ ಎಂಬ ಮಾತು ಕಟ್ಟಿದವರು ಜಾಣರು, ಗೆಳೆಯರೇ: ತಪ್ಪು ಕಂಡರೆ ತಾನೇ ಕಾಣಿಕೆ! ನನಗೆ ಹನ್ನೊಂದು ವರ್ಷ ಒಂದು ತಪ್ಪು ಕಾಣಲೇ ಇಲ್ಲ. ಅಲ್ಲ, ಕಂಡರೂ ಕಾಣದಂತಿದ್ದೆ.

ಆಗ ನಾನು ಮಳವಳ್ಳಿ ಕಡೆಯ ಶಾಲೆಯೊಂದರಲ್ಲಿ ಟೀಚರು. ಬಿಸಿಯೂಟ ಬೇಯಿಸುತ್ತಿದ್ದವಳು ಚಿಕ್ಕತಾಯಮ್ಮ. ಒಂದು ಮಧ್ಯಾಹ್ನ, ಬಡಿಸುವುದು ಬೇಗ ಮುಗಿಯಲೆಂದು, ಸಾರಿನ ಪಾತ್ರೆಯನ್ನು ಬಾಗಿಲ ಬಳಿಯೇ ಇಡು ಎಂದೆ.

“ಮಕ್ಳು ಓಡಾಡೋ ಜಾಗ ಕಣಮ್ಮ” ಎಂದಳು.

ಗದರಿದೆ, ಇಟ್ಟಳು. ಓಡಿಬಂದ ಹುಡುಗಿಯೊಬ್ಬಳು ಎಡವಿ ಮೊಣಕೈವರೆಗೆ ಸುಟ್ಟುಕೊಂಡಳು. ಗಾಯವೇನೋ ಮಾಯಿತು. ಆದರೆ ವಿಚಾರಣೆಯ ದಿನ, ಪಾತ್ರೆಯನ್ನು ಅಲ್ಲಿಟ್ಟವರು ಯಾರೆಂದು ಕೇಳಿದಾಗ, ಎಲ್ಲರೂ ಚಿಕ್ಕತಾಯಮ್ಮನತ್ತ ನೋಡಿದರು. ಅವಳು ನನ್ನತ್ತ ನೋಡಿದಳು. ನಾನು ನೆಲ ನೋಡಿದೆ. ಅವಳ ಕೆಲಸ ಹೋಯಿತು.

ನಿವೃತ್ತಳಾದ ಮೇಲೆ, ಮೊನ್ನೆ ಲೈಬ್ರರಿಯಿಂದ ತಂದ ಪುಸ್ತಕವೊಂದರಲ್ಲಿ ಯಹೂದಿಗಳ ಪಶ್ಚಾತ್ತಾಪದ ಬಗ್ಗೆ ಓದಿದೆ. ಅದಕ್ಕವರು ‘ತೆಶುವಾ’ ಎನ್ನುತ್ತಾರಂತೆ, ಮರಳುವುದು ಎಂದರ್ಥ. ದೇವರಿಗೆ ಮಾಡಿದ ತಪ್ಪನ್ನು ಪ್ರಾರ್ಥನೆ, ಉಪವಾಸಗಳು ಕಳೆದಾವು. ಮನುಷ್ಯರಿಗೆ ಮಾಡಿದ್ದನ್ನು, ಅವರ ಬಳಿಗೇ ಹೋಗಿ, ಕೆಟ್ಟದ್ದನ್ನು ಸರಿಪಡಿಸಿ, ಕ್ಷಮೆ ಬೇಡುವ ತನಕ ದೇವರೂ ಕಳೆಯಲಾರ. ಸತ್ಯವನ್ನೇ ನುಡಿಯಿರಿ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ಎಲ್ಲಿಗೆ ಮರಳಬೇಕೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಚಿಕ್ಕರಸಿನಕೆರೆಯ ಬಸ್ಸು ಹತ್ತಿದೆ. ಚಿಕ್ಕತಾಯಮ್ಮ ತಮ್ಮ ಮನೆಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. “ತಪ್ಪು ನನ್ನದು. ಅವತ್ತು ಬಾಯಿ ಬಿಡಲಿಲ್ಲ. ಕ್ಷಮಿಸಿ” ಎಂದೆ, ಮೊದಲ ಸಲ ಬಹುವಚನದಲ್ಲಿ.

“ನಂಗ್ಯಾಕ್ ಏಳೀರಿ ಟೀಚರಮ್ಮ, ನಂಗೊತ್ತಿಲ್ವಾ?” ಎಂದರು. “ಮಗೀನ ಸುಟ್ಟೋಳು ಅಂತು ಊರು. ನನ್ ಸೊಸೆ ಇವತ್ಗೂ ಮೊಮ್ಮಗಳ್ನ ನನ್ ತಾವ ಬುಟ್ಟೋಗಕ್ಕಿಲ್ಲ, ಒಲಕ್ಕೋದ್ರೂ ಎತ್ಕಂಡೇ ಓಯ್ತಾಳೆ. ಒಳಗವ್ಳೆ. ಅವಳಿಗೇಳಿ.”

ಒಳಗೆ ಸೊಸೆ ಮುದ್ದೆಗೆ ಎಸರಿಡುತ್ತಿದ್ದಳು. ಮೂರು ವರ್ಷದ ಮಗು ಅವಳ ಸೆರಗು ಹಿಡಿದು ನಿಂತಿತ್ತು. ತರಗತಿಯಲ್ಲಿ ಎಂದೂ ತಡವರಿಸದ ನಾನು ತಡವರಿಸುತ್ತಲೇ ಎಲ್ಲವನ್ನೂ ಹೇಳಿದೆ.

“ಇಷ್ಟ್ ವರ್ಸ ಯಾಕೇಳ್ನಿಲ್ಲ?”

“ನನ್ನ ಮರ್ಯಾದೆ ಹೋಗುತ್ತೆ ಅಂತ.”

ಅವಳು ಒಲೆಗೊಂದು ಸೌದೆ ತಳ್ಳಿ, “ನಮ್ಮತ್ತೆ ಒಂದ್ಸತಿನೂ ನಿಮ್ಮೆಸ್ರು ಏಳ್ನಿಲ್ವಲ್ಲ” ಎಂದಳು.

ಆ ಮಾತಿನ ಮುಂದೆ ನಿಲ್ಲಲಾಗದೆ ಹೊರಗೆ ಬಂದೆ. ಕ್ಷಮಿಸಿದೆನೆಂದು ಚಿಕ್ಕತಾಯಮ್ಮ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಉಳಿದಿರಲಿಲ್ಲ. ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನಿಂದ ಸೊಸೆಯ ದನಿ ಬಂತು:

“ಅತ್ತೇ, ಮಗು ಬತ್ತೈತೆ, ನೋಡ್ಕಳಿ. ಎಸ್ರು ಕುದೀತೈತೆ ಇಲ್ಲಿ.”

ಚಿಕ್ಕತಾಯಮ್ಮ ಎರಡೂ ಅಂಗೈಗಳನ್ನು ಸೀರೆಗೆ ಒರೆಸಿಕೊಂಡರು. ಮತ್ತೊಮ್ಮೆ ಒರೆಸಿಕೊಂಡರು. ಆಮೇಲೆ ಬಾಗಿಲತ್ತ ಕೈ ಚಾಚಿದರು.