ಸಮುದ್ರಕ್ಕೆ ಬೆನ್ನು ಹಾಕಿ ಉಣ್ಣುತ್ತಿದ್ದ ವಿರೂಪಾಕ್ಷಣ್ಣ

ಗೋಕರ್ಣದ ದಂಡೆಯ ಹೋಟೆಲ್ಲುಗಳಲ್ಲಿ ಎಲ್ಲರೂ ನೀರಿನ ಕಡೆ ಮುಖ ಮಾಡಿ ಕೂತರೆ, ನಮ್ಮ ವಿರೂಪಾಕ್ಷಣ್ಣ ಮಾತ್ರ ಕುರ್ಚಿ ತಿರುಗಿಸಿಕೊಂಡು ಅಡುಗೆಮನೆಯ ಕಡೆ ಮುಖ ಮಾಡಿ ಕೂಡುತ್ತಿದ್ದ. ಹಿಂದೆ ಸೂರ್ಯ ಮುಳುಗುತ್ತಿದ್ದರೂ ಅವನ ಕಣ್ಣು ಬಾಣಲೆಯ ಮೇಲೆ. ನಾನು ಕೆಣಕಿದರೆ ಸಿದ್ಧ ಉತ್ತರ ಒಂದಿತ್ತು: “ಸಮುದ್ರ ಎಲ್ಲಿಗೂ ಹೋಗೂದಿಲ್ಲೋ. ಒಲಿ ಮ್ಯಾಲಿಂದು ಖಾಲಿ ಆಗ್ತೈತಿ.”

ಲಕ್ಷ್ಮೇಶ್ವರದಲ್ಲಿ ಅವನದೊಂದು ಖಾನಾವಳಿ. ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ ನಾನು ಎರಡು ಹೊತ್ತೂ ಅಲ್ಲೇ ಉಣ್ಣುವವ. ರೊಟ್ಟಿ, ಪಲ್ಯ, ಚಟ್ನಿ ಎಲ್ಲ ಅವನ ಹೆಂಡತಿ ನೀಲಕ್ಕನ ಕೈಯವು. ಬಡಿಸುವುದು, ಜೋರು ಮಾಡುವುದು, ಹೊಟ್ಟೆ ತುಂಬಿದವನಿಗೂ ಇನ್ನೊಂದು ರೊಟ್ಟಿ ಒಗೆಯುವುದು ವಿರೂಪಾಕ್ಷಣ್ಣನ ಖಾತೆ. ಅವನಿಲ್ಲದಿದ್ದರೂ ಖಾನಾವಳಿ ನಡೆಯುತ್ತಿತ್ತು, ಗದ್ದಲ ಕಡಿಮೆ ಇರುತ್ತಿತ್ತು ಅಷ್ಟೇ. ಹಾಗಾಗಿಯೇ ವರ್ಷಕ್ಕೊಮ್ಮೆ ನನ್ನನ್ನು ಕಟ್ಟಿಕೊಂಡು ಗೋಕರ್ಣಕ್ಕೆ ಹೊರಡಲು ಅವನಿಗೆ ಬಿಡುವು ಸಿಗುತ್ತಿತ್ತು. ಹೋಗುವುದು ಉಣ್ಣುವುದಕ್ಕೆ. ದೇವರ ದರ್ಶನ ಎರಡು ಊಟದ ನಡುವೆ.

ಬೆಳಿಗ್ಗೆ ಗುಡಿಯ ಓಣಿಯಲ್ಲಿ ಬನ್ಸ್, ಕಾಯಿತುರಿ ಹಾಕಿದ ಅವಲಕ್ಕಿ. ಸಂಜೆ ದಂಡೆಯ ಮೇಲೆ ವಿದೇಶದವರು ಕೂಡುವ ತೆಂಗಿನ ಗರಿಯ ಹೋಟೆಲ್ಲು. ಅಲ್ಲಿ ಒಮ್ಮೆ ಬಾಳೆಹಣ್ಣಿನ ಪ್ಯಾನ್‌ಕೇಕ್ ತರಿಸಿ, ಮೂಸಿ, ತಿಂದು, “ನಮ್ಮ ಸಿಹಿ ದ್ವಾಸಿಗೆ ಹೆಸರು ಬದಲಿ ಮಾಡ್ಯಾರಲೇ” ಎಂದ. ಅಷ್ಟಕ್ಕೇ ಬಿಡದೆ ಎದ್ದು ಒಳಗೆ ಹೋಗಿ ಉರಿ ಕಡಿಮೆ ಮಾಡೆಂದು ಅಡುಗೆಭಟ್ಟನಿಗೆ ಹೇಳಿದ. ಸಿಟ್ಟಿಗೆದ್ದ ಭಟ್ಟ ಸೌಟನ್ನೇ ಅವನ ಕೈಗೆ ಕೊಟ್ಟ. ವಿರೂಪಾಕ್ಷಣ್ಣ ಹೊಯ್ದದ್ದು ಕಾವಲಿಗೇ ಅಂಟಿಕೊಂಡಿತು. ಖಾನಾವಳಿಯಲ್ಲಿ ಅವನು ಒಲೆ ಮುಟ್ಟಿದವನೇ ಅಲ್ಲ ಎಂಬ ಗುಟ್ಟು ಅಲ್ಲಿ ಬಯಲಾಯಿತು. ಅವನೇ ಎಲ್ಲರಿಗಿಂತ ಹೆಚ್ಚು ನಕ್ಕ.

ಮಧ್ಯಾಹ್ನ ಮಾತ್ರ ತಪ್ಪದೆ ನಾಗವೇಣಿಯ ಮನೆ. ದಂಡೆಗೆ ಇಳಿಯುವ ದಾರಿಯಲ್ಲಿ ತನ್ನ ಮನೆಯ ಜಗುಲಿಗೇ ಬೆಂಚು ಹಾಕಿ ಊಟ ಹಾಕುತ್ತಿದ್ದ ಹೆಂಗಸು. ವಿರೂಪಾಕ್ಷಣ್ಣ ಏನಿದೆ ಎಂದು ಕೇಳುತ್ತಿರಲಿಲ್ಲ. “ಯವ್ವಾ, ನೀವು ಏನ್ ಉಣ್ತೀರಿ, ಅದನ್ನ ನಮಗೂ ಹಾಕ್ರಿ” ಎನ್ನುತ್ತಿದ್ದ. ಕುಚ್ಚಲಕ್ಕಿ ಅನ್ನ, ಒಂದೆಲಗದ ತಂಬುಳಿ, ಮಾವಿನಮಿಡಿ ಬರುತ್ತಿದ್ದವು.

ಊರಿಗೆ ಬಂದ ಮೇಲೆ, ರೊಟ್ಟಿ ಬಡಿಯುತ್ತಿದ್ದ ನೀಲಕ್ಕನ ಮುಂದೆ ಕೂತು ಒಂದೊಂದೇ ರುಚಿ ವರ್ಣಿಸುತ್ತಿದ್ದ. “ಬರೇ ಮಾತಿನಾಗ ಹೊಟ್ಟಿ ತುಂಬ್ತೈತೇನು?” ಎಂದು ಆಕೆ ಕೇಳುತ್ತಿದ್ದಳು. ಆಕೆಯನ್ನು ಕರೆದೊಯ್ಯಬೇಕೆಂಬ ಆಸೆ ಅವನಿಗೆ ಬಹಳ ಇತ್ತು. ಆಕೆ ಹೊರಟರೆ ಒಲೆ ಆರುತ್ತಿತ್ತು. ಮೇಲಾಗಿ ಆಕೆ ಹೊರಗೆ ಉಂಡವಳೇ ಅಲ್ಲ.

ಕೊನೆಗೆ ಖಾನಾವಳಿಯ ಚಾವಣಿಯ ತಗಡು ಬದಲಿಸುವುದು ಬಂತು. ಬಾಗಿಲು ಹಾಕಲೇಬೇಕಾಯಿತು, ನೀಲಕ್ಕ ಹೊರಟಳು. ಜೊತೆಗೆ ಕಡಕ್ ರೊಟ್ಟಿಯ ದೊಡ್ಡ ಗಂಟು, ಶೇಂಗಾ ಚಟ್ನಿ. ಮೊದಲ ದಿನ ಲಾಡ್ಜಿನಲ್ಲಿ ಅದನ್ನೇ ಉಂಡಳು. ಮರುದಿನ ಗಂಟು ಬಿಚ್ಚಿದರೆ, ನಮ್ಮೂರಲ್ಲಿ ತಿಂಗಳುಗಟ್ಟಲೆ ಕಟಂ ಎನ್ನುವ ರೊಟ್ಟಿ ಸಮುದ್ರದ ಗಾಳಿಗೆ ಹಸಿ ಚರ್ಮದಂತೆ ಜೋತುಬಿದ್ದಿತ್ತು. ನೀಲಕ್ಕನಿಗೆ ಅವಮಾನವಾಯಿತು. ಈ ಊರಿನ ಗಾಳಿಯೇ ಸರಿಯಿಲ್ಲ, ಮನೆಗೆ ನಡೆಯಿರಿ ಎಂದು ಚೀಲ ಕಟ್ಟತೊಡಗಿದಳು.

ಅಷ್ಟು ಸಪ್ಪಗಾದ ವಿರೂಪಾಕ್ಷಣ್ಣನನ್ನು ನಾನು ನೋಡಿರಲಿಲ್ಲ. “ಈಕಿ ಇಲ್ಲಿಂದ ಉಪಾಸ ಹೋದ್ರ, ನಾ ಯಾವ ಬಾಯಿಲೆ ಈ ಊರಿನ ಹೆಸರು ತಗೀಲಿ?” ಎಂದ. ಒಂದೇ ಒಂದು ಊಟ, ಆಮೇಲೆ ಬಸ್ಸು ಎಂದು ಕೈಮುಗಿದು ಒಪ್ಪಿಸಿದ. ಬರೀ ಮಜ್ಜಿಗೆ ಕುಡಿಯುತ್ತೇನೆಂದು ನೀಲಕ್ಕ ಬಂದಳು.

ನಾಗವೇಣಿಯ ಜಗುಲಿ ಖಾಲಿಯಾಗಿತ್ತು. ಆಕೆ ತಟ್ಟೆ ತಂದಿಟ್ಟಾಗ ನೀಲಕ್ಕ ಮುಟ್ಟಲಿಲ್ಲ. ನಿಮ್ಮದು ಊಟ ಆಯಿತೇ ಎಂದು ಕೇಳಿದಳು. ತನ್ನದು ಯಾವಾಗಲೂ ಕಡೆಗೆ, ಒಲೆ ಪಕ್ಕ ನಿಂತುಕೊಂಡೇ ಮುಗಿಯುತ್ತದೆ ಎಂದಳು ನಾಗವೇಣಿ. ನೀಲಕ್ಕ ಆಕೆಯ ಮುಖ ನೋಡಿದಳು.

“ನಂದೂ ಹಂಗನರಿ. ನೀವೂ ತಾಟ್ ತರ್ರಿ. ಕೂಡೇ ಉಣ್ಣೂಣು.”

ಇಬ್ಬರೂ ಎದುರುಬದುರು ಕೂತರು. ವಿರೂಪಾಕ್ಷಣ್ಣ ಸೌಟು ಹಿಡಿದು ಬಡಿಸಿದ, ಈ ಸಲ ಗದ್ದಲವಿಲ್ಲದೆ. ನೀಲಕ್ಕ ಎರಡನೇ ಸಲ ತಂಬುಳಿ ಕೇಳಿದಾಗ ಅವನು ಹಾಕಿ, ಸೌಟನ್ನು ನನಗೆ ಕೊಟ್ಟು ಜಗುಲಿಯ ಅಂಚಿಗೆ ಸರಿದ. ಹೆಗಲ ಟಾವೆಲ್ಲಿನಿಂದ ಕಣ್ಣು ಒರೆಸಿಕೊಂಡು ನನಗಷ್ಟೇ ಕೇಳುವಂತೆ ಹೇಳಿದ: “ಇಷ್ಟು ವರ್ಷ ಆತು. ಈಕಿ ಕುಂತು ಉಣ್ಣೂದನ್ನ ನಾ ಇವತ್ತ ನೋಡಿದೆ.”

ಬಸ್ಸಿನ ಮಾತು ಮತ್ತೆ ಬರಲಿಲ್ಲ. ಅಲ್ಲಿಂದಾಚೆ ಪ್ರತಿ ವರ್ಷ ಖಾನಾವಳಿಗೆ ಬೀಗ ಹಾಕಿ ಗಂಡ ಹೆಂಡತಿ ಇಬ್ಬರೇ ಹೋಗತೊಡಗಿದರು. ನನ್ನನ್ನು ಕರೆಯುವುದೂ ಬಿಟ್ಟರು, ನನ್ನ ಹೊಟ್ಟೆಯ ಗತಿ ಕೇಳುವವರಿರಲಿಲ್ಲ. ಊರಲ್ಲೂ ಮಧ್ಯಾಹ್ನದ ಗಿರಾಕಿ ಮುಗಿದ ಮೇಲೆ ಅರ್ಧ ಬಾಗಿಲು ಹಾಕಿ ಇಬ್ಬರೂ ಕೂತು ಉಣ್ಣುತ್ತಿದ್ದರು. ಆ ಹೊತ್ತಿಗೆ ಬಂದವನು ಎಷ್ಟು ದೊಡ್ಡವನಾದರೂ ಕಾಯಬೇಕಿತ್ತು.

ಹೋದ ಮಳೆಗಾಲದಲ್ಲಿ ವಿರೂಪಾಕ್ಷಣ್ಣ ಮಲಗಿದಲ್ಲೇ ತೀರಿಕೊಂಡ. ಮಣ್ಣಾದ ಮೇಲೆ ಓಣಿಯವರು ಅಡುಗೆ ಮಾಡಿ ತಂದರು. ನೀಲಕ್ಕ ಬಂದವರನ್ನೆಲ್ಲ ಉಂಡಿರೇನು ಎಂದು ಕೇಳುತ್ತ ತಾನು ಮಾತ್ರ ಒಂದು ತುತ್ತೂ ಮುಟ್ಟಲಿಲ್ಲ. ಮರುದಿನವೂ ಹಾಗೇ. ನನಗೆ ಹೆದರಿಕೆಯಾಗಿ ನಾಗವೇಣಿಗೆ ಫೋನು ಮಾಡಿ ಎಲ್ಲ ಹೇಳಿದೆ.

ಮಧ್ಯಾಹ್ನ ನನ್ನ ಫೋನಿಗೆ ಆಕೆಯ ವಿಡಿಯೋ ಕಾಲ್ ಬಂತು, ನೀಲಕ್ಕನ ಕೈಗೆ ಕೊಟ್ಟೆ. ನಾಗವೇಣಿ ಸಮಾಧಾನದ ಮಾತು ಒಂದೂ ಆಡಲಿಲ್ಲ. ಜಗುಲಿಯ ಬೆಂಚಿನ ಮೇಲಿದ್ದ ತನ್ನ ತಟ್ಟೆಯನ್ನು ತೋರಿಸಿದಳು. “ನಾನು ಬಡಿಸ್ಕಂಡು ಕೂತಿದ್ದೇನೆ ನೀಲಕ್ಕ. ನೀವು ಕೂತ ಮೇಲೇ ನನ್ನ ಊಟ.”

ನೀಲಕ್ಕ ಓಣಿಯವರು ತಂದಿಟ್ಟ ತಾಟನ್ನು ಮುಂದಕ್ಕೆ ಎಳೆದುಕೊಂಡಳು. ಆಮೇಲೆ ಫೋನನ್ನು ನೀರಿನ ಚರಿಗೆಗೆ ಆನಿಸಿ ಇಟ್ಟಳು. ರೊಟ್ಟಿ ಮುರಿದು, ನನ್ನ ಕಡೆ ತಿರುಗದೆಯೇ, ಚಟ್ನಿ ಹಾಕು ಎಂದಳು.