ತೋಳದ ಚಿತ್ರಕ್ಕೆ ನಾನು ಕೊಟ್ಟ ದನಿ

ಎರಡು ಸಾವಿರದ ಇಸವಿ ದಾಟಿದ ಹೊಸತು. ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಬೆಂಗಳೂರಿನಿಂದ ಒಬ್ಬ ನಿರ್ದೇಶಕರು ಕ್ಯಾಮೆರಾ ತಂದರು. ದೇವಸಮುದ್ರದ ಕಡೆಯ ಹುಲ್ಲುಗಾವಲಿನಲ್ಲಿ ತೋಳಗಳು ಕಡಿಮೆಯಾಗುತ್ತಿವೆ, ಜನರ ಮನಸ್ಸಿಗೆ ನಾಟುವಂಥ ಸಾಕ್ಷ್ಯಚಿತ್ರ ಮಾಡಬೇಕು ಎಂದರು. ಅಲ್ಲಿನ ಕುರಿ ಕಾಯುವವರ ಮಾತಿನಲ್ಲಿ ಅರ್ಧ ತೆಲುಗು. ಅದನ್ನು ಬಿಡಿಸಿ ಹೇಳಲು ನನ್ನನ್ನು ಕರೆದರು. ನನಗೆ ಭಾನುವಾರ ಬೇರೆ ಕೆಲಸವಿರಲಿಲ್ಲ, ಹೋದೆ.

ಕ್ಯಾಮೆರಾ ಮುಂದೆ ಧೈರ್ಯವಾಗಿ ಮಾತಾಡಿದವರು ಒಬ್ಬ ಅಜ್ಜ. ಅವರ ಮೊಮ್ಮಗಳು ನನ್ನ ತರಗತಿಯಲ್ಲಿದ್ದಳು. ತೋಳ ಕುರಿ ಹಿಡಿದರೆ ಸಿಟ್ಟು ಬರುವುದಿಲ್ಲವೇ ಎಂದು ನಿರ್ದೇಶಕರು ನನ್ನಿಂದ ಕೇಳಿಸಿದರು. ಅಜ್ಜನ ಮಾತಿನ ತೆಲುಗು ಬಿಡಿಸಿದರೆ ಹೀಗೆ:

"ಬರ್ದೆ ಇರ್ತೈತಾ ಅಮ್ಮಾ? ಆದ್ರೂ ಅದ್ರ ಪಾಲು ಅದು ತಿಂತೈತೆ. ನಮ್ಮಪ್ಪನ ಕಾಲ್ದಿಂದ ಹಂಗೇ ನಡ್ಕಂಡ್ ಬಂದೈತೆ. ಈ ನೆಲ ಅದ್ಕೂ ಬೇಕು, ನಮ್ಗೂ ಬೇಕು. ನಮ್ ಕುರೀನ ಹೊರಗ್ ಹಾಕಿದ್ರೆ ನಾವೆಲ್ಲಿಗ್ ಹೋಗಾನ?"

ತಿಂಗಳ ನಂತರ ನಿರೂಪಣೆ ಓದಲೂ ನನ್ನನ್ನೇ ಬೆಂಗಳೂರಿಗೆ ಕರೆಸಿದರು. ಕಿಟಕಿಯಿಲ್ಲದ ಕೋಣೆ, ಕಿವಿಗೆ ಹೆಡ್‌ಫೋನು. ಮೂರು ಸಲ ಓದಿದರೂ ಅವರಿಗೆ ಹಿಡಿಸಲಿಲ್ಲ.

"ಗಂಟಲು ಕಟ್ಟಿದ ಹಾಗೆ ಓದಿ ಮೇಡಂ. ನೋಡುವವರಿಗೆ ಅಳು ಬರಬೇಕು. ಅಳು ಬರದಿದ್ದರೆ ಯಾರೂ ಏನೂ ಮಾಡುವುದಿಲ್ಲ."

ನಾಲ್ಕನೆಯ ಸಲ, ತೀರಿಹೋಗಿದ್ದ ಅವ್ವನನ್ನು ನೆನೆಸಿಕೊಂಡು ಓದಿದೆ. "ಈ ನೆಲ ಬೋಳಾಗುತ್ತಿದೆ. ಇದಕ್ಕೆ ಬೇಕಿರುವುದು ವಿಶ್ರಾಂತಿ." ಆ ಮಾತಿನ ಹಿಂದೆ ಕೊಳಲಿನ ದನಿಯಿತ್ತು, ತೆರೆಯ ಮೇಲೆ ಮೇಯುವ ಕುರಿಗಳಿದ್ದವು. ನಿರ್ದೇಶಕರು ಕೈಮುಗಿದರು. ನನಗೆ ಹೆಮ್ಮೆಯೇ ಆಯಿತು. ಅಜ್ಜನ ಮಾತು ಮಾತ್ರ 'ಅದ್ರ ಪಾಲು ಅದು ತಿಂತೈತೆ' ಎನ್ನುವಲ್ಲಿಗೇ ನಿಂತಿತ್ತು. ಉಳಿದದ್ದು ಎಲ್ಲಿ ಎಂದು ಕೇಳಿದೆ.

"ಎರಡು ಮಾತು ಒಟ್ಟಿಗೆ ಹೇಳಿದರೆ ಜನಕ್ಕೆ ಗೊಂದಲ. ಒಂದೇ ಭಾವನೆ ಸಾಕು," ಎಂದರು. ಅವರ ಕೆಲಸ ಅವರಿಗೆ ಗೊತ್ತಿರುತ್ತದೆ ಎಂದುಕೊಂಡು ಹೆಡ್‌ಫೋನು ತೆಗೆದಿಟ್ಟು ಹೊರಟೆ.

ನಮ್ಮ ಶಾಲೆಯಲ್ಲೇ ಟಿವಿ ಇಟ್ಟು ಚಿತ್ರ ತೋರಿಸಿದೆವು. ಮಕ್ಕಳು ಅತ್ತರು, ಹೆಡ್‌ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮುಂದಿನ ಸಾಲಿನ ಕುರ್ಚಿಯಲ್ಲಿದ್ದ ಅಜ್ಜ ಎದ್ದು ನನ್ನ ಹತ್ತಿರ ಬಂದರು.

"ನಾನು ಇನ್ನಾ ಹೇಳಿದ್ನಲ್ಲಮ್ಮಾ, ಅದ್ಯಾಕ್ ಬರ್ಲಿಲ್ಲ?"

"ಟೈಮ್ ಸಾಲಲಿಲ್ಲ ಅಜ್ಜಾ," ಎಂದು ಸುಳ್ಳು ಹೇಳಿದೆ. ಅವರು ನಂಬಿದರು.

ಮುಂದಿನ ಬೇಸಿಗೆಗೆ ಅರಣ್ಯ ಇಲಾಖೆಯವರು ಹುಲ್ಲುಗಾವಲಿನ ಸುತ್ತ ಕಂದಕ ತೋಡಿಸಿ ಕಾವಲುಗಾರನನ್ನು ಇಟ್ಟರು. ಕುರಿಗಳಿಗೆ ಒಳಗೆ ಜಾಗವಿಲ್ಲ. ಒಂದು ಅರ್ಜಿ ಬರೆದು, ಅಜ್ಜನನ್ನು ಕರೆದುಕೊಂಡು ಚಳ್ಳಕೆರೆಯ ಇಲಾಖೆ ಕಚೇರಿಗೆ ಹೋದೆ. ಸಾಹೇಬರು ನನಗೆ ಕುರ್ಚಿ ಕೊಟ್ಟರು. ಅಜ್ಜ ನಿಂತೇ ಇದ್ದರು.

"ಆ ಚಿತ್ರ ನಾವೆಲ್ಲ ನೋಡಿದೀವಿ ಮೇಡಂ. ನಮ್ಮ ಮನೆಯವರಂತೂ ಅತ್ತೇಬಿಟ್ಟರು. ದನಿ ನಿಮ್ಮದೇ ಅಲ್ವಾ?"

ಹೌದು ಎಂದೆ. ಇವರು ಹೇಳಿದ್ದು ಅಷ್ಟೇ ಅಲ್ಲ ಸಾರ್, ಕುರಿಗೂ ಜಾಗ ಬೇಕು ಅಂದಿದ್ದರು, ಅನುವಾದ ಮಾಡಿದವಳು ನಾನೇ ಎಂದೆ.

"ಚಿತ್ರದಲ್ಲಿ ಹಾಗೆ ಇಲ್ಲವಲ್ಲ," ಎಂದರು, ಬಹಳ ಸೌಜನ್ಯದಿಂದ.

ಮತ್ತೆ ಹೇಳಿದೆ. ನಾನು ಪಾಠ ಮಾಡುವ ಮಾಮೂಲಿ ದನಿಯಲ್ಲೇ ಹೇಳಿದೆ. ಆ ಕೋಣೆಯಲ್ಲಿ ಯಾರ ಕಣ್ಣೂ ಒದ್ದೆಯಾಗಲಿಲ್ಲ. ಅರ್ಜಿ ಇಟ್ಟುಕೊಂಡು ಕಳಿಸಿದರು.

ಬಸ್ ಸ್ಟ್ಯಾಂಡಿನಲ್ಲಿ ಅಜ್ಜ, "ಬಿಡ್ರಮ್ಮಾ, ನೀವೇನ್ ಮಾಡ್ತೀರಿ?" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಅಜ್ಜನ ಉಳಿದ ಮಾತನ್ನೂ ಚಿತ್ರಕ್ಕೆ ಸೇರಿಸಿ ಎಂದು ನಿರ್ದೇಶಕರಿಗೆ ಎರಡು ಕಾಗದ ಬರೆದೆ. ಒಂದಕ್ಕೆ ಉತ್ತರ ಬಂತು: ಈಗ ಕಡಲಾಮೆಗಳ ಚಿತ್ರದಲ್ಲಿ ತೊಡಗಿದ್ದೇನೆ, ಬಿಡುವಾದಾಗ ನೋಡುತ್ತೇನೆ.

ಮರುವರ್ಷ ಅಜ್ಜ ಕುರಿ ಮಾರಿದರು. ಮೊಮ್ಮಗಳು ಹತ್ತನೆಯ ತರಗತಿ ಮುಗಿಸಲಿಲ್ಲ. ಎಷ್ಟೋ ತಿಂಗಳ ಮೇಲೆ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಗೇಟಿನಲ್ಲಿ ಅಜ್ಜನನ್ನು ಕಂಡೆ. ಕಡಲೆಕಾಯಿ ಸಿಪ್ಪೆ ಗುಡಿಸುವ ಕೆಲಸ. ತಲೆ, ಹುಬ್ಬು ಎಲ್ಲ ಧೂಳು. ನನ್ನನ್ನು ಕಂಡು ಪೊರಕೆ ಕೆಳಗಿಟ್ಟರು. ಪಕ್ಕದಲ್ಲಿದ್ದವನಿಗೆ, "ನಮ್ ಮೊಮ್ಮಗಳ್ಗೆ ಪಾಠ ಹೇಳ್ಕೊಟ್ಟೋರು," ಎಂದು ಪರಿಚಯ ಮಾಡಿಸಿದರು. ಚಿತ್ರದ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಒಳಗಿಂದ ಯಾರೋ ಕೂಗಿದರು, ಅವರು ಹೋದರು.