ಕೊಟ್ಟಿಗೆಯಲ್ಲಿ ನಲವತ್ತು ಮೇಣದಬತ್ತಿ

ಮೇಣದಬತ್ತಿ ಹಚ್ಚುವುದು ಸಭೆಯಲ್ಲಿ ಒಮ್ಮತದಿಂದ ತೀರ್ಮಾನವಾಗಿತ್ತು. ಇಲ್ಲಿ ಒಮ್ಮತ ಎಂದರೆ ಯಾರೂ ಬಾಯಿ ಬಿಡಲಿಲ್ಲ ಎಂದು ಅರ್ಥ. ಬಾಯಿ ಬಿಡದವರಲ್ಲಿ ನಾನೂ ಒಬ್ಬಳು. ಎರಡು ತಿಂಗಳಾಯಿತು. ಟೋಸ್ಟರಿನಲ್ಲಿ ಬ್ರೆಡ್ಡು ಸೀದರೆ ಈಗಲೂ ಮನೆಯ ಕಿಟಕಿಗಳನ್ನೆಲ್ಲ ತೆರೆದುಬಿಡುತ್ತೇನೆ.

ಸ್ವೀಡನ್ನಿನ ಓರೆಬ್ರೂದಲ್ಲಿ ನಮ್ಮ ಎದುರುಮನೆಯವಳು ಚೀನಾದ ಚಿತ್ರಕಲಾವಿದೆ. ಕಪ್ಪು ಮಸಿ, ಕುಂಚ, ತೆಳು ಕಾಗದ, ಅಷ್ಟೇ ಅವಳ ಸಾಮಾನು. ಅವಳ ಹಳ್ಳಿಯನ್ನು ಕೆಡವಿ, ಜನರನ್ನೆಲ್ಲ ಪಟ್ಟಣದಂಚಿನ ಎತ್ತರದ ಕಟ್ಟಡಗಳಿಗೆ ಸಾಗಿಸಿದ್ದರು. ಅವಳು ಅಲ್ಲಿನ ಮುದುಕ ಮುದುಕಿಯರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ನಿಮ್ಮ ಮನೆಯ ಬಾಗಿಲು ಯಾವ ಕಡೆಗಿತ್ತು, ಒಲೆ ಎಲ್ಲಿತ್ತು ಎಂದು ಕೇಳಿ ಕೇಳಿ, ಇಡೀ ಹಳ್ಳಿಯನ್ನು ಒಂದೇ ಉದ್ದನೆಯ ಸುರುಳಿಯಲ್ಲಿ ಬರೆದಿದ್ದಳು. ಹೆಚ್ಚಿನ ಮನೆಗಳ ಫೋಟೋ ಯಾರ ಹತ್ತಿರವೂ ಇರಲಿಲ್ಲ. ಚೀನೀ ಹೊಸವರ್ಷಕ್ಕೆ ಅದನ್ನು ಊರಿಗೆ ಒಯ್ದು ಅವರ ಮುಂದೆ ಬಿಚ್ಚಬೇಕು, ಅವರು ನೋಡಿ ತಪ್ಪು ಹೇಳಬೇಕು. ಅವಳಿಗೆ ಬೇಕಾಗಿದ್ದು ಇಷ್ಟೇ.

ಅಷ್ಟರಲ್ಲಿ, ನಾನೂ ಸದಸ್ಯೆಯಾಗಿದ್ದ ಊರಾಚೆಯ ಹಳ್ಳಿ ಸಂಘವೊಂದು ಸುರುಳಿಯನ್ನು ಪ್ರದರ್ಶಿಸಲು ಅವಳನ್ನು ಕರೆಯಿತು. ಆ ಹಳ್ಳಿಯ ಶಾಲೆ ಮುಚ್ಚಿದೆ, ಅಂಗಡಿ ಮುಚ್ಚಿದೆ, ಬಸ್ಸು ದಿನಕ್ಕೆ ಎರಡು. ಕೊಮ್ಯೂನ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತ, ಇದಕ್ಕೆ ಕಂಡುಕೊಂಡ ಪರಿಹಾರ ಸಂಸ್ಕೃತಿ. ಹಸುಗಳಿಲ್ಲದ ಕೊಟ್ಟಿಗೆಗೆ ಸಂಸ್ಕೃತಿ ಭವನ ಎಂದು ಬೋರ್ಡು ಹಾಕಿದರೆ ಹಳ್ಳಿ ಎದ್ದು ಕೂರುತ್ತದಂತೆ.

ಸಂಘದ ಅಧ್ಯಕ್ಷೆ ಸುರುಳಿ ನೋಡಿ ಮುಖ ಸಣ್ಣಗೆ ಮಾಡಿಕೊಂಡಳು. "ಬೆಟ್ಟ ಎಲ್ಲಿ? ಮಂಜು?"

ಅದರಲ್ಲಿ ಇದ್ದದ್ದು ವಿದ್ಯುತ್ ಕಂಬ, ಅರ್ಧ ಕೆಡವಿದ ಗೋಡೆ, ಫೋನಿನ ಲೈವ್ ವಿಡಿಯೋದಲ್ಲಿ ಕಿತ್ತಳೆ ಹಿಡಿದು ಮಾರುತ್ತಿದ್ದ ಅಜ್ಜಿ, ಹೊಸ ಕಟ್ಟಡದ ಲಿಫ್ಟಿನೆದುರು ಒಣಗಲು ಹರವಿದ ಜೋಳ.

"ನಮ್ಮೂರಲ್ಲಿ ಬೆಟ್ಟ ಇರಲಿಲ್ಲ," ಎಂದಳು ಎದುರುಮನೆಯವಳು.

"ಪರವಾಗಿಲ್ಲ, ಆ ವಾತಾವರಣ ನಾವು ತರುತ್ತೇವೆ."

ವಾತಾವರಣ ಎಂದರೆ ನಲವತ್ತು ಮೇಣದಬತ್ತಿ. ಚಳಿಗಾಲದಲ್ಲಿ ಈ ಜನ ಆಫೀಸಿನ ಮೀಟಿಂಗಿಗೂ ಮೇಣದಬತ್ತಿ ಹಚ್ಚುತ್ತಾರೆ. ಅದಿಲ್ಲದೆ ಇವರಿಗೆ ಬೆಚ್ಚನೆ ಅನ್ನಿಸುವುದಿಲ್ಲ.

ಡಿಸೆಂಬರಿನ ಭಾನುವಾರ, ಮಧ್ಯಾಹ್ನ ಮೂರಕ್ಕೇ ಕತ್ತಲು. ಹಳೇ ಮರದ ಕೊಟ್ಟಿಗೆ, ತೊಲೆಯಿಂದ ತೊಲೆಗೆ ತೂಗಿದ ಕಾಗದ, ಅದರಿಂದ ಒಂದು ಗೇಣು ದೂರದಲ್ಲಿ ಇಟ್ಟಿಗೆಗಳ ಮೇಲೆ ಸಾಲಾಗಿ ಮರೆಯಿಲ್ಲದ ಜ್ವಾಲೆ. ನನ್ನ ಜೊತೆ ಬಂದಿದ್ದ, ನಾನು ಕೆಲಸ ಮಾಡುವ ಲ್ಯಾಬಿನ ಹುಡುಗಿ, ಬೆಂಗಳೂರಿನವಳು, ತೋಳು ಹಿಡಿದು ಎಳೆದಳು.

"ಅಕ್ಕಾ, ಏನಿದು ಹುಚ್ಚು? ಪೇಪರ್ ಪಕ್ಕ ಕ್ಯಾಂಡಲ್ಲಾ? ಹೇಳಿ ನೀವು."

"ನೀನೇ ಹೇಳು."

"ನನ್ನ ಸ್ವೀಡಿಷ್ ಕೇಳಿದ್ರೆ ನಗ್ತಾರೆ. ನೀವು ಎಂಟು ವರ್ಷದಿಂದ ಇದೀರಲ್ಲ!"

"ಹುಟ್ಟಿದಾಗಿಂದ ಹಚ್ತಿದಾರೆ ಕಣೇ. ಗೊತ್ತಿರುತ್ತೆ ಬಿಡು ಅವರಿಗೆ."

ಅದಕ್ಕಿಂತ ಮೊದಲು ಎದುರುಮನೆಯವಳೂ ನನ್ನನ್ನು ಮೆಲ್ಲಗೆ ಕೇಳಿದ್ದಳು, ಬೇಡ ಎಂದರೆ ತಪ್ಪಾಗುತ್ತದೆಯೇ ಎಂದು. "ಇಲ್ಲಿ ಹೀಗೇ," ಎಂದಿದ್ದೆ. ಡಾಕ್ಟರೇಟ್ ಪಡೆದ ನನ್ನ ಬುದ್ಧಿಗೆ ಹೊಳೆದ ಉತ್ತರ ಅದು.

ಒಬ್ಬ ಮುದುಕ ಮಾತ್ರ ಕೋಟು ಬಿಚ್ಚದೆ ಚಿತ್ರವನ್ನು ಓದುವಂತೆ ನೋಡುತ್ತಿದ್ದ. ಈ ಕೊಟ್ಟಿಗೆಯ ಕೊನೆಯ ಹಸುಗಳು ಅವನವು. ಚಿತ್ರದಲ್ಲಿ ಅಂಗಡಿಯಿದ್ದ ಜಾಗದಲ್ಲಿ ನಿಂತಿದ್ದ, ಪಾರ್ಸಲ್ ಕೊಡುವ ಯಂತ್ರದ ಪೆಟ್ಟಿಗೆಗೆ ಬೆರಳು ತೋರಿಸಿ, "ನಮ್ಮಲ್ಲೂ ಇದೇ ಇಟ್ಟರು. ಅಂಗಡಿಯವರ ಹಾಗೆ ಇದು ಒಳ್ಳೆಯ ದಿನ ಅನ್ನುವುದಿಲ್ಲ, ಕೆಟ್ಟ ದಿನ ಅನ್ನುವುದಿಲ್ಲ," ಎಂದ. ಅಧ್ಯಕ್ಷೆಯ ಅರ್ಧ ಗಂಟೆಯ ಭಾಷಣದಲ್ಲಿ ಇಷ್ಟು ಅರ್ಥ ಇರಲಿಲ್ಲ.

ತಡವಾಗಿ ಬಂದ ಯಾರೋ ದೊಡ್ಡ ಜಾರುಬಾಗಿಲು ಸರಿಸಿದರು. ಗಾಳಿ ನುಗ್ಗಿತು. ಚಳಿ ಎಂದು ಬಾಗಿಲನ್ನು ಮತ್ತೆ ದಬ್ಬಿ ಮುಚ್ಚಿದರು. ಅಷ್ಟರಲ್ಲಿ ಕಾಗದದ ತುದಿ ಒಮ್ಮೆ ಎದ್ದು, ಜ್ವಾಲೆಯ ಮೇಲೆ ಇಳಿದಿತ್ತು.

ಬೆಂಕಿ ಸದ್ದೇ ಮಾಡಲಿಲ್ಲ. ಸುರುಳಿಯಗುಂಟ ಓಡಿ ತೊಲೆಯನ್ನು ನೆಕ್ಕಿತು. ಜನ ಮೊದಲು ತಂತಮ್ಮ ಕೋಟು ಹುಡುಕಿದರು. ಆಮೇಲೆ ಬಾಗಿಲಿಗೆ ಬಿದ್ದರು. ಬಾಗಿಲು ಕಚ್ಚಿಕೊಂಡಿತ್ತು. ಹೊಗೆ ತಲೆಯ ಮಟ್ಟಕ್ಕೆ ಇಳಿಯುತ್ತಿತ್ತು. ಮುಂದಿದ್ದ ಹೆಂಗಸಿನ ಬೆನ್ನಿಗೆ ನನ್ನ ಮುಖ ಒತ್ತಿ ಉಸಿರು ಸಿಗಲಿಲ್ಲ. "ತಳ್ಳಬೇಡಿ, ಎತ್ತಿ! ಎತ್ತಿ ಸರಿಸಬೇಕು ಅದನ್ನ!" ಎಂದು ಮುದುಕ ಕೂಗುತ್ತ ಎಲ್ಲರನ್ನೂ ದನ ಸರಿಸುವಂತೆ ಸರಿಸಿ, ಭುಜ ಕೊಟ್ಟು ಬಾಗಿಲನ್ನು ಎತ್ತಿದ.

ಹೊರಗೆ ಬಂದು ನೋಡಿದರೆ ಎದುರುಮನೆಯವಳು ಇಲ್ಲ.

ಒಳಗೆ ಅವಳು ಉರಿಯುವ ಸುರುಳಿಯನ್ನು ಕೆಳಗೆಳೆದು ತುಳಿಯುತ್ತಿದ್ದಳು. ಅವಳ ಪಕ್ಕ ಲ್ಯಾಬಿನ ಹುಡುಗಿ, ಫಿಕಾಗೆಂದು, ಅಂದರೆ ಇವರ ಕಾಫಿ-ತಿಂಡಿಯ ವಿರಾಮಕ್ಕೆಂದು, ತುಂಬಿಟ್ಟಿದ್ದ ಕಾಫಿ ಫ್ಲಾಸ್ಕುಗಳನ್ನು ಒಂದೊಂದಾಗಿ ಸುರಿಯುತ್ತ, "ಅಯ್ಯೋ ಬನ್ರೀ, ಸಾಕು ಬನ್ರೀ" ಎಂದು ಕನ್ನಡದಲ್ಲೇ ಕಿರುಚುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತಿದ್ದೆ. ನನ್ನ ಕೈಯಲ್ಲಿ ಇನ್ನೂ ದಾಲ್ಚಿನ್ನಿ ಬನ್ನು ಇತ್ತು. ದಿನವೂ ಕಣ್ಣೆದುರು ಬರುವುದು ಬೆಂಕಿಗಿಂತ ಆ ಬನ್ನು.

ತೊಲೆಯ ಬೆಂಕಿಯನ್ನು ಮುದುಕ ಹಿಮ ಎರಚಿ ಆರಿಸಿದ. ಯಾರೂ ಸಾಯಲಿಲ್ಲ. ಎದುರುಮನೆಯವಳ ಅಂಗೈ ಸುಟ್ಟಿತ್ತು. ಸುರುಳಿಯ ತುದಿಯ ಏಳು ಮನೆ ಹೋಗಿದ್ದವು.

ಅಧ್ಯಕ್ಷೆ ಕಪ್ಪಾದ ಅಂಚನ್ನು ನೋಡುತ್ತ, "ಒಂದು ರೀತಿಯಲ್ಲಿ ಎಷ್ಟು ಅರ್ಥಪೂರ್ಣ! ಹೀಗೇ ತೂಗುಹಾಕಬಹುದಲ್ಲ?" ಎಂದಳು. ಜನವರಿಯ ಸಭೆಯಲ್ಲಿ, ಮುಂದಿನ ಸಲ ಮೇಣದಬತ್ತಿಗಳನ್ನು ಇನ್ನೊಂದು ಗೇಣು ದೂರ ಇಡುವುದೆಂದು ತೀರ್ಮಾನಿಸಿದರು. ಆಗ ನಾನು ಬಾಯಿ ಬಿಟ್ಟೆ. ಮೇಣದಬತ್ತಿಯೇ ಬೇಡ ಎಂದೆ. ಕಾರ್ಯದರ್ಶಿ ನನ್ನ ಮಾತನ್ನು 'ಭಾವನಾತ್ಮಕ ಅಭಿಪ್ರಾಯ' ಎಂದು ಬರೆದುಕೊಂಡ.

ಎದುರುಮನೆಯವಳು ಮತ್ತೆ ಫೋನಿಗೆ ಕೂತಳು. ಆರು ಮನೆಯವರು ಇನ್ನೊಮ್ಮೆ ಹೇಳಿದರು. ಏಳನೆಯ ಮನೆಯ ಅಜ್ಜಿ ಶರತ್ಕಾಲದಲ್ಲೇ ತೀರಿಕೊಂಡಿದ್ದಳು. ಮೊನ್ನೆ ಎದುರುಮನೆಯವಳು ನನ್ನ ಬಾಗಿಲು ತಟ್ಟಿದಳು, ಅಂಗೈಗೆ ಇನ್ನೂ ಪಟ್ಟಿ.

"ಕೊಟ್ಟಿಗೆಗೆ ಹೊರಟಾಗ ಆ ತುದಿಯನ್ನು ಸುತ್ತಿ ಕಾರಿಗೆ ಒಯ್ದಿದ್ದು ನೀನು. ಕೊನೆಯ ಮನೆಯ ಬಾಗಿಲು ಎಡಕ್ಕಿತ್ತಾ, ಬಲಕ್ಕಿತ್ತಾ?"

ಕಣ್ಣು ಮುಚ್ಚಿದೆ. ಬಾಗಿಲು ಬರಲಿಲ್ಲ, ಬೆಂಕಿ ಬಂತು. ಎಡಕ್ಕೆ ಎಂದುಬಿಟ್ಟರೆ ಅವಳು ಬರೆದೇಬಿಡುತ್ತಿದ್ದಳು.

"ನನಗೆ ಗೊತ್ತಿಲ್ಲ," ಎಂದೆ.

ಅವಳು ತಲೆಯಾಡಿಸಿ ಹೋದಳು. ನಾಡಿದ್ದು ಊರಿಗೆ ಹೊರಡುತ್ತಾಳೆ. ಆರು ಮನೆ ಬರೆದು, ಏಳನೆಯದಕ್ಕೆ ಕಾಗದವನ್ನು ಹಾಗೇ ಬಿಳಿಯಾಗಿ ಬಿಟ್ಟಿದ್ದಾಳೆ.